ಅಕ್ಕನ ಮುಖ ಸರಿ ಬರುವ ಸ್ಕ್ರೀನ್

ಆಫೀಸಿನ ಮೀಟಿಂಗ್ ರೂಮುಗಳಿಗೆಲ್ಲ ಹೊಸ ಸ್ಕ್ರೀನ್ ಆರಿಸುವ ಕೆಲಸ ನನ್ನ ತಲೆಗೆ ಬಿದ್ದಾಗ ನನಗೆ ಖುಷಿಯೂ ಆಗಲಿಲ್ಲ, ಬೇಸರವೂ ಆಗಲಿಲ್ಲ. ಗಂಡ ತೀರಿಕೊಂಡು ಎರಡು ವರ್ಷವಾಗಿತ್ತು. ಆವತ್ತಿನಿಂದ ನನಗೆ ಏನೂ ಆಗುತ್ತಿರಲಿಲ್ಲ. ಕುರ್ಚಿ ಮುರಿದರೆ ಬೇರೆ ಕುರ್ಚಿ ತರಿಸುತ್ತಿದ್ದೆ, ನಲ್ಲಿ ಸೋರಿದರೆ ಪ್ಲಂಬರನನ್ನು ಕರೆಸುತ್ತಿದ್ದೆ. ಕಟ್ಟಡದ ಉಸ್ತುವಾರಿ ಎಂದರೆ ಅಷ್ಟೇ. ಮರಗಟ್ಟಿದ ಮನಸ್ಸಿಗೆ ಹೇಳಿ ಮಾಡಿಸಿದಂಥ ಕೆಲಸ ಅದು.

ಮ್ಯಾನೇಜರ್ ಕ್ಯಾಬಿನ್‌ಗೆ ಕರೆದರು. “ನೋಡಮ್ಮ, ಹಳೇ ಪ್ರೊಜೆಕ್ಟರ್‌ನಲ್ಲಿ ಎಲ್ಲರ ಮುಖಕ್ಕೂ ಮಸಿ ಬಳಿದ ಹಾಗೆ ಕಾಣುತ್ತೆ. ವಿಡಿಯೋ ಕಾಲ್‌ನಲ್ಲಿ ಇರೋರು ಇಲ್ಲೇ ಟೇಬಲ್ ಆಚೆ ಕೂತಿದ್ದಾರೆ ಅನ್ನಿಸ್ಬೇಕು. ಅಂಥದ್ದು ಹುಡುಕಿ. ಎಲ್ಲಾ ರೂಮಿಗೂ ಒಂದೇ ಥರದ್ದು.”

ಕಂಪನಿಗಳಿಗೆ ಹೇಳಿ ಕಳಿಸಿದೆ. ಪ್ರತಿಯೊಬ್ಬರೂ ಒಂದೊಂದು ಸ್ಕ್ರೀನನ್ನು ಕೆಲವು ದಿನ ಪರೀಕ್ಷೆಗೆ ಬಿಟ್ಟುಹೋಗಬೇಕು ಎನ್ನುವುದು ಕರಾರು. ಬಂದವರೆಲ್ಲ ಮೊದಲು ಹಾಕಿ ತೋರಿಸುತ್ತಿದ್ದುದು ಗಿಣಿಯನ್ನು. ಇಲ್ಲವೇ ಜಲಪಾತವನ್ನು, ಹೆಚ್ಚಿಟ್ಟ ಹಣ್ಣನ್ನು. ಅದರಿಂದ ನನಗೇನೂ ಗೊತ್ತಾಗುತ್ತಿರಲಿಲ್ಲ. ಗಿಣಿ ಯಾವ ಮೀಟಿಂಗಿಗೂ ಬರುವುದಿಲ್ಲ. ಬರುವವರು ನಿದ್ದೆಗಣ್ಣಿನ ಮನುಷ್ಯರು. ಹಸಿರು ಗಿಣಿ ಇನ್ನಷ್ಟು ಹಸಿರಾಗಿ ಕಂಡರೆ ಯಾರೂ ಜಗಳಕ್ಕೆ ಬರುವುದಿಲ್ಲ, ಆದರೆ ಮನುಷ್ಯನ ಮುಖ ಒಂಚೂರು ಹೆಚ್ಚುಕಮ್ಮಿಯಾದರೂ ನೋಡುವವರಿಗೆ ಏನೋ ಕಸಿವಿಸಿ. ಹಾಗಾಗಿ ನಾನೇ ಒಂದು ಪದ್ಧತಿ ಮಾಡಿಕೊಂಡೆ. ಚೆನ್ನಾಗಿ ಗೊತ್ತಿರುವ ಒಂದು ಮುಖವನ್ನು ಸ್ಕ್ರೀನ್ ಮೇಲೆ ತಂದು, ಕಟ್ಟಕಡೆಯ ಕುರ್ಚಿಯಲ್ಲಿ ಕೂತು ನೋಡುವುದು. ಆ ಮುಖ ಆ ಮುಖದ ಹಾಗೇ ಕಂಡರೆ ಸ್ಕ್ರೀನ್ ಪಾಸು. ಇದಕ್ಕಿಂತ ಒಳ್ಳೆಯ ಪರೀಕ್ಷೆ ಬೇರೆ ಇಲ್ಲ ಎಂದುಕೊಂಡೆ.

ಗೊತ್ತಿರುವ ಮುಖ ಎಂದರೆ ಅಕ್ಕನದು. ಅಮ್ಮ ಬೇಗ ಹೋದಳು. ನನಗೆ ತಲೆ ಬಾಚಿದ್ದು, ಜ್ವರ ಬಂದಾಗ ಪಕ್ಕದಲ್ಲಿ ಕೂತದ್ದು, ಲೆಕ್ಕ ತಪ್ಪಿದಾಗ ಬೆನ್ನಿಗೆ ಗುದ್ದಿದ್ದು ಎಲ್ಲ ಅಕ್ಕನೇ. ನನ್ನ ಗಂಡ ಹೋದಾಗ ತನ್ನ ಮನೆ ಬಿಟ್ಟು ಬಂದು ತಿಂಗಳುಗಟ್ಟಲೆ ನನ್ನ ಜೊತೆ ಇದ್ದು, ತಟ್ಟೆ ಖಾಲಿಯಾಗುವವರೆಗೂ ಎದುರು ಕೂತಿರುತ್ತಿದ್ದಳು. ತನ್ನೂರಿಗೆ ವಾಪಸು ಹೋದ ಮೇಲೂ ದಿನಾ ಮಧ್ಯಾಹ್ನ ವಿಡಿಯೋ ಕಾಲ್ ಮಾಡಿ “ಊಟ ಆಯ್ತೇನೇ?” ಎಂದು ಕೇಳುತ್ತಿದ್ದಳು. ಆಗಿಲ್ಲ ಎಂದರೆ ಬೈಗುಳ. ನನಗೆ ಅಂತ ಉಳಿದಿದ್ದವಳು ಅವಳೊಬ್ಬಳೇ. ಆ ಕಾಲನ್ನು ಫೋನಿನ ಬದಲು ಮೀಟಿಂಗ್ ರೂಮಿನ ಸ್ಕ್ರೀನಿನಲ್ಲಿ ತೆಗೆದುಕೊಳ್ಳತೊಡಗಿದೆ. ಗೋಡೆ ತುಂಬ ಅಕ್ಕ.

ಮೊದಲನೇ ಕಂಪನಿಯ ಸ್ಕ್ರೀನಿನಲ್ಲಿ ಅಕ್ಕ ಹಳದಿಯಾಗಿ ಕಂಡಳು. ಹಾಗೆಂದು ಹೇಳಿದರೆ ಸೇಲ್ಸ್‌ನವನು ನನ್ನನ್ನೇ ಅನುಮಾನದಿಂದ ನೋಡಿದ. “ನಮ್ಮದರಲ್ಲಿ ಇದ್ದಿದ್ದು ಇದ್ದ ಹಾಗೆ ಬರುತ್ತೆ ಮೇಡಂ” ಎಂದ. ನನ್ನ ಅಕ್ಕನ ಬಣ್ಣ ನನಗೆ ಗೊತ್ತಿಲ್ಲವೇ? ಪ್ಯಾಕ್ ಮಾಡಿಸಿ ಕಳಿಸಿಬಿಟ್ಟೆ.

ಎರಡನೆಯದರಲ್ಲೂ ಹಳದಿ. ಸಾಲದ್ದಕ್ಕೆ ಅಕ್ಕ ಮಾತಾಡುತ್ತಾ ಮೊಣಕೈ ಕೆರೆದುಕೊಳ್ಳುತ್ತಿದ್ದಳು, ಕೈ ಓಡಾಡಿದ ಕಡೆಯೆಲ್ಲ ಚಿತ್ರ ಕಲಸಿಹೋಗುತ್ತಿತ್ತು. ವೇಗದ ಚಲನೆ ತಡೆಯದು, ಈ ಸ್ಕ್ರೀನ್ ಬೇಡ ಎಂದುಕೊಂಡೆ. ಆಮೇಲೆ, ಕೇಳಬೇಕಲ್ಲ ಎಂದು, “ಅದೇನಕ್ಕ ಪರಪರ ಅಂತ ಕೆರ್ಕೊಳ್ತಿದ್ದೀಯ?” ಎಂದೆ.

“ಸೋಪು ಕಣೇ. ಅಗ್ಗಕ್ಕೆ ಸಿಕ್ತು ಅಂತ ನಿನ್ನ ಭಾವ ಡಜನ್‌ಗಟ್ಟಲೆ ತಂದಿದ್ದಾರೆ. ಮುಗಿಯೋವರೆಗೂ ಕೆರ್ಕೋಬೇಕು, ಇನ್ನೇನು ಮಾಡ್ಲಿ.”

ಹಿಂದಿನಿಂದ ಭಾವ “ಕೇಳಿಸ್ತು, ಕೇಳಿಸ್ತು” ಎಂದರು. ಅಕ್ಕ ನಕ್ಕಳು. ನಾನೂ ನಗಬೇಕಾದ ಜಾಗ ಅದು, ನಕ್ಕೆ.

ಮೂರನೇ ಕಂಪನಿಯಿಂದ ಬಂದವನಿಗೆ ನಾವೆಲ್ಲ ಗ್ಯಾರಂಟಿ ಎಂದು ಹೆಸರಿಟ್ಟಿದ್ದೆವು. ಬಾಯಿ ಬಿಟ್ಟರೆ ಅದೇ ಮಾತು. ದಪ್ಪ ಮೀಸೆಯ, ಬೆವರುವ, ಮಾತಿನ ಮಲ್ಲ. ಆದರೆ ಗಿಣಿ ತೋರಿಸಲಿಲ್ಲ. “ನಿಮಗೆ ಯಾರು ಹೇಗೆ ಕಾಣ್ಬೇಕು ಹೇಳಿ, ಹಾಗೆ ಕಾಣಿಸೋದು ನನ್ನ ಗ್ಯಾರಂಟಿ” ಎಂದ. ಅವನ ಸ್ಕ್ರೀನಿನಲ್ಲಿ ಕೆಂಪು, ಹಸಿರು, ನೀಲಿ ಒಂದೊಂದನ್ನೂ ಬೇರೆಬೇರೆಯಾಗಿ ಏರಿಸಿ ಇಳಿಸಬಹುದಿತ್ತು. ನಾನು ಕಡೆಯ ಕುರ್ಚಿಯಲ್ಲಿ ಕೂತೆ, ಅವನು ರಿಮೋಟ್ ಹಿಡಿದು ನಿಂತ, ಅಕ್ಕ ಗೋಡೆಯ ಮೇಲೆ ಕಾದಳು.

“ಹಳದಿ ಕಮ್ಮಿ ಮಾಡಿ. ಇನ್ನೂ. ಇನ್ನೂ ಸ್ವಲ್ಪ ನೀಲಿ.”

“ಏನ್ರಪ್ಪಾ, ನನಗೆ ಮೇಕಪ್ ಮಾಡ್ತಿದ್ದೀರಾ ಇಬ್ರೂ ಸೇರ್ಕೊಂಡು?” ಎಂದಳು ಅಕ್ಕ.

“ಮದುವೆ ದಿನಾನೂ ಇಷ್ಟು ಹೊತ್ತು ಹಿಡೀಲಿಲ್ಲ ನಿಮ್ಮಕ್ಕಂಗೆ” ಎಂದು ಭಾವ ಪಕ್ಕದಿಂದ ಇಣುಕಿದರು.

ಮುಖ ಯಾಕೋ ಉದ್ದುದ್ದ ಕಾಣುತ್ತಿದೆ, ಅಗಲ ಸರಿಯಿಲ್ಲ ಎಂದೆ. ಗ್ಯಾರಂಟಿ ಸ್ಕ್ರೀನ್ ಮೇಲೆ ಒಂದು ವೃತ್ತ ಹಾಕಿ ಟೇಪಿನಲ್ಲಿ ಅಳೆದು ತೋರಿಸಿದ. ವೃತ್ತ ದುಂಡಗೇ ಇತ್ತು. ಸರಿ, ಇರಲಿ ಎಂದೆ. ಬಣ್ಣವಂತೂ ಕೊನೆಗೆ ಹದಕ್ಕೆ ಬಂತು. ತಲೆ ಬಾಚುವಾಗ ಕನ್ನಡಿಯಲ್ಲಿ ನನ್ನ ತಲೆಯ ಮೇಲೆ ಕಾಣುತ್ತಿದ್ದ ಅದೇ ಅಕ್ಕ. “ಇದೇ. ಇದನ್ನ ಹೀಗೇ ಲಾಕ್ ಮಾಡಿ. ಎಲ್ಲಾ ರೂಮಿಗೂ ಇದೇ ಸೆಟ್ಟಿಂಗ್” ಎಂದೆ. ಗ್ಯಾರಂಟಿ ಮೀಸೆಯ ಬೆವರು ಒರೆಸಿಕೊಂಡ. ಎಲ್ಲ ಸ್ಕ್ರೀನುಗಳೂ ಗೋಡೆ ಏರಿದವು, ನಾನು ಕೈ ತೊಳೆದುಕೊಂಡೆ.

ದೂರುಗಳು ಬರತೊಡಗಿದವು. ಮ್ಯಾನೇಜರ್ ಕ್ಯಾಬಿನ್‌ಗೆ ಕರೆಯಲಿಲ್ಲ, ನನ್ನ ಮೇಜಿನ ಹತ್ತಿರವೇ ಬಂದು ನಿಂತರು.

“ಏನಮ್ಮ ಇದು? ಕಾಲ್‌ನಲ್ಲಿ ಇರೋರೆಲ್ಲ ಫ್ರಿಜ್ಜಿಂದ ಎದ್ದು ಬಂದ ಹಾಗಿದ್ದಾರೆ. ನೀಲಿ ನೀಲಿ. ಬೆಳಿಗ್ಗೆ ಒಬ್ಬ ದೊಡ್ಡ ಗಿರಾಕಿ ಮಾತಾಡ್ತಿದ್ದರೆ ನಮ್ಮೋರು ಅವರ ಆರೋಗ್ಯ ವಿಚಾರಿಸಿದ್ದಾರೆ!”

ಆಫೀಸಿಗೆಲ್ಲ ಅದೇ ನಗೆ. ನನಗೆ ಅವಮಾನವಾಗಬೇಕಿತ್ತು, ಆಗಲಿಲ್ಲ. ಗ್ಯಾರಂಟಿಗೆ ಫೋನ್ ಮಾಡಿ, ನಿನ್ನ ಸ್ಕ್ರೀನುಗಳು ಕೆಟ್ಟಿವೆ, ಬಾ ಎಂದೆ.

ಅವನು ಬಂದು ಸುಮ್ಮನೆ ಕೂತು ನೋಡಿದ. “ಸ್ಕ್ರೀನ್ ಕೆಟ್ಟಿಲ್ಲ ಮೇಡಂ. ನೀವು ಹೇಳಿದ ಸೆಟ್ಟಿಂಗೇ ಇದು. ಒಂದ್ಸಲ ಡಬ್ಬಿಯಿಂದ ಬಂದಾಗ ಹೇಗಿತ್ತೋ ಹಾಗೆ ಮಾಡ್ತೀನಿ, ನೋಡಿ.” ರಿಮೋಟ್ ಒತ್ತಿದ. ಮ್ಯಾನೇಜರ್ ತಮ್ಮ ಕ್ಯಾಬಿನ್‌ನಿಂದ ಕಾಲ್‌ಗೆ ಬಂದರು. ಅವರ ಮುಖ ಅವರ ಮುಖದ ಹಾಗೇ ಇತ್ತು, ಸಿಡುಕು ಸಮೇತ. “ಇಷ್ಟೇ ಅಲ್ವಾ ಬೇಕಿದ್ದಿದ್ದು!” ಎಂದು ಕಾಲ್ ಕಟ್ ಮಾಡಿದರು.

ಅಷ್ಟರಲ್ಲಿ ಅಕ್ಕನ ಕಾಲ್ ಬಂತು. ಅದೇ ಸ್ಕ್ರೀನಿಗೆ ತೆಗೆದುಕೊಂಡೆ.

ಅಕ್ಕ ಹಳದಿಯಾಗಿದ್ದಳು. ಮೊದಲಿಗಿಂತ ಹೆಚ್ಚು.

“ನೋಡಿದ್ರಾ? ಮತ್ತೆ ಬಂತು” ಎಂದೆ ಗ್ಯಾರಂಟಿಗೆ.

“ಅವರ ಮನೆ ಬಲ್ಬಿಂದು ಇರ್ಬೇಕು ಮೇಡಂ, ಇಲ್ಲಾಂದ್ರೆ ಫೋನಿಂದು. ಒಂದು ಬಿಳೀ ಹಾಳೆ ಹಿಡಿಯೋಕೆ ಹೇಳಿ. ಹಾಳೆನೂ ಹಳದಿ ಕಂಡ್ರೆ ತಪ್ಪು ಆ ಕಡೇದು.”

ಅಕ್ಕನಿಗೆ ಹೇಳಿದೆ. “ಏನೇನು ಕುಣಿಸ್ತೀಯೋ ನನ್ನ” ಎಂದು ಗೊಣಗುತ್ತಾ ಎದ್ದು ಹೋದಳು. ಏಳುವಾಗ ಮೇಜು ಹಿಡಿದುಕೊಂಡಳು. ಒಂದು ಹಾಳೆ ತಂದು ಕೆನ್ನೆಯ ಪಕ್ಕಕ್ಕೆ ಹಿಡಿದಳು.

ಹಾಳೆ ಬೆಳ್ಳಗಿತ್ತು. ನನ್ನ ಮುಂದೆ ಟೇಬಲ್ ಮೇಲಿದ್ದ ಹಾಳೆಯಷ್ಟೇ ಬೆಳ್ಳಗೆ. ಅದರ ಪಕ್ಕದಲ್ಲಿ ಅಕ್ಕನ ಮುಖ. ದೊಡ್ಡ ಸ್ಕ್ರೀನು, ಒಂದೊಂದು ಕಣ್ಣೂ ನನ್ನ ಅಂಗೈಯಷ್ಟಿತ್ತು. ಆ ಕಣ್ಣಿನಲ್ಲಿ ಬಿಳಿ ಎಂಬುದು ಎಲ್ಲೂ ಇರಲಿಲ್ಲ.

ಗ್ಯಾರಂಟಿ ನನ್ನ ಮುಖ ನೋಡಿದ, ಸ್ಕ್ರೀನ್ ನೋಡಿದ. ರಿಮೋಟನ್ನು ಸದ್ದಾಗದಂತೆ ಟೇಬಲ್ ಮೇಲಿಟ್ಟ. 

ನನಗೆ ಹೆದರಿಕೆಯಾಯಿತು. ಎರಡು ವರ್ಷದಲ್ಲಿ ಮೊದಲ ಸಲ ನನಗೆ ಏನೋ ಆಯಿತು, ಅದು ಹೆದರಿಕೆ.  ಸೋಪಲ್ಲ. ವೃತ್ತ ದುಂಡಗಿತ್ತು, ಅಕ್ಕನೇ ಸೊರಗಿದ್ದಳು. ದಿನಾ ಗೋಡೆ ತುಂಬ ಅವಳನ್ನು ಹರಡಿಕೊಂಡು, ನಾನು ನೋಡುತ್ತಿದ್ದದ್ದು ಸ್ಕ್ರೀನನ್ನು.

“ಕೈ ನೋಯ್ತಿದೆ ಕಣೇ. ಬಣ್ಣ ಸರಿ ಬಂತಾ?” ಅಕ್ಕ ಇನ್ನೂ ಹಾಳೆ ಹಿಡಿದೇ ಇದ್ದಳು.

“ಬಂತಕ್ಕ. ಸರಿಯಾಗೇ ಬಂತು. ಭಾವನ್ನ ಕರಿ.”

ಭಾವ ಬಂದರು. ಅಕ್ಕ ಹಳದಿಯಾಗಿದ್ದಾಳೆ ಎಂದೆ. ದಿನಾ ನೋಡ್ತೀನಿ, ಎಲ್ಲಿ ಹಳದಿ, ಸ್ವಲ್ಪ ಸುಸ್ತಾಗಿದ್ದಾಳೆ ಅಷ್ಟೇ ಎಂದರು. “ಆ ಹಾಳೆ ಪಕ್ಕದಲ್ಲಿಟ್ಟು ಅವಳ ಕಣ್ಣು ನೋಡಿ ಭಾವ” ಎಂದೆ. ಅವರು ಅಕ್ಕನ ಗಲ್ಲ ಹಿಡಿದು ಕಿಟಕಿಯ ಕಡೆ ತಿರುಗಿಸಿದರು. ಹಾಳೆ ತೆಗೆದುಕೊಂಡು ಮತ್ತೊಮ್ಮೆ ಅವಳ ಕಣ್ಣಿನ ಪಕ್ಕ ಹಿಡಿದರು. ಅಕ್ಕ ಅವರನ್ನೊಮ್ಮೆ ನನ್ನನ್ನೊಮ್ಮೆ ನೋಡಿ, “ಏನ್ರೀ ಆಯ್ತು ನಿಮಗೆ?” ಎಂದಳು. ಆಮೇಲೆ ನನಗೆ, “ನಿಂದು ಊಟ ಆಯ್ತೇನೇ?”

ಅವತ್ತೇ ಬಸ್ ಹತ್ತಿದೆ. ಆಸ್ಪತ್ರೆಯಲ್ಲಿ ಡಾಕ್ಟರು ಪಿತ್ತನಾಳಕ್ಕೆ ಏನೋ ಒತ್ತುತ್ತಿದೆ, ಗಡ್ಡೆ ಇರಬಹುದು, ಇನ್ನೂ ಪರೀಕ್ಷೆ ಮಾಡಬೇಕು ಎಂದರು. ಎಷ್ಟು ದಿನದಿಂದ ಹೀಗಿದೆ ಎಂದು ಕೇಳಿದರು. ಭಾವನಿಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು.

“ಮೊದಲನೇ ಕಂಪನಿಯ ಸ್ಕ್ರೀನಿಂದ” ಎಂದೆ.

ಡಾಕ್ಟರಿಗೆ ಅರ್ಥವಾಗಲಿಲ್ಲ. ಬಿಡಿಸಿ ಹೇಳಿದೆ, ಮೂರು ಸ್ಕ್ರೀನಿನ ಕತೆಯನ್ನೂ. ಅವರು ಪೆನ್ನು ಕೆಳಗಿಟ್ಟು, “ಆಗಲೇ ಬಂದಿದ್ದರೆ...” ಎಂದವರು ಭಾವನ ಮುಖ ನೋಡಿ ನಿಲ್ಲಿಸಿದರು.

ಅಕ್ಕನನ್ನು ವಾರ್ಡಿನ ಹಾಸಿಗೆಯಲ್ಲಿ ಮಲಗಿಸಿದ್ದರು. ಪಕ್ಕದಲ್ಲಿ ಕೂತೆ. ನಡುವೆ ಗಾಜಿರಲಿಲ್ಲ. ಅವಳ ಮುಖ ಇಷ್ಟು ಚಿಕ್ಕದು ಎಂಬುದು ಮರೆತೇ ಹೋಗಿತ್ತು.

“ಈಗ ಹೇಳು, ಹೇಗೆ ಕಾಣ್ತಿದ್ದೀನಿ?” ಎಂದಳು.

“ಹಳದಿ” ಎಂದೆ.  ಗಂಡ ಹೋದಾಗಲೂ ಬಾರದಿದ್ದ ಅಳು ಬಂತು.

“ಅಂತೂ ನೋಡಿದ್ಯಲ್ಲ” ಎಂದಳು ಅಕ್ಕ. ಸ್ವಲ್ಪ ಸರಿದು, ಹಾಸಿಗೆಯಲ್ಲಿ ನನಗೂ ಜಾಗ ಮಾಡಿದಳು.