ಕೂಸಿನ ಬಟ್ಟೆಯಲ್ಲಿ ಸುತ್ತಿದ ಚೂರಿ

ಬಾಣಂತಿಯ ಮಗ್ಗುಲಲ್ಲಿ ಕಬ್ಬಿಣ ಇಡದ ಮನೆ ನಮ್ಮ ಸೀಮೆಯಲ್ಲಿ ಯಾವುದಿದೆ? ಗಾಳಿ ಸೋಕದಿರಲಿ ಎಂದು ಹಿಂದೂಗಳೂ ಇಡುತ್ತಾರೆ, ಮುಸಲ್ಮಾನರೂ ಇಡುತ್ತಾರೆ. ಇಟ್ಟುಕೊಳ್ಳಲಿ, ಬೇಡ ಎಂದವರಾರು? ಆದರೆ ಶಿರಾದ ಖಾಜಾಬಿ ಮಾಡಹೊರಟ ಕೆಲಸ ಕೇಳಿ.

ಖಾಜಾಬಿಯ ಮಗ ಅಬ್ದುಲ್ ರಶೀದನಿಗೆ ಸಿಲೋನಿನಲ್ಲಿ ಅಂಗಡಿ ಕೆಲಸ. ಸೊಸೆ ಶರ್ಫುನ್ನೀಸಾ ಎಳೆಗೂಸನ್ನು ಎತ್ತಿಕೊಂಡು ಗಂಡನ ಬಳಿಗೆ ಹೊರಟಿದ್ದಳು. ಮಾವ ಧನುಷ್ಕೋಡಿಯಲ್ಲಿ ಹಡಗು ಹತ್ತಿಸುವುದು, ಆಚೆ ದಡದಲ್ಲಿ ರಶೀದ್ ಕಾಯುವುದು ಎಂದು ಮಾತಾಗಿತ್ತು. ಹೊರಡುವ ದಿನ ಖಾಜಾಬಿ ಕೂಸಿಗೆ ಬಟ್ಟೆ ಸುತ್ತುತ್ತ, ಮಡಿಕೆಯೊಳಗೆ ಒಂದು ಮೊನೆ ಚೂರಿ ಸೇರಿಸಿದಳು. ದಾರಿಗೆಂದು ಹುರಿಗಡಲೆ ತಂದಿದ್ದ ಪಕ್ಕದ ಮನೆ ಗೌರಕ್ಕ ಅದನ್ನು ಕಂಡಳು.

“ಅದ್ಯಾಕೆ ಖಾಜಾಬಿ, ಚೂರಿ?”

“ಸಮುದ್ರದ ಮೇಲೆ ಎಂಥೆಂಥ ಶೈತಾನ್ ಇರ್ತಾವೋ. ಕೂಸಿನ ಹತ್ರ ಇರ್ಲಿ.”

“ತೆಗಿ ಅದ್ನ. ಮೊನೆ ಚೂರಿ ಇಟ್ಕಂಡು ಓಡಾಡಂಗಿಲ್ಲ ಆ ದೇಶದಾಗೆ. ಕಾನೂನೈತೆ.”

“ಹೊರಡೋ ಹೊತ್ನಲ್ಲಿ ಅಪಶಕುನ ನುಡೀಬೇಡ. ಹಾಲು ಕುಡಿಯೋ ಕೂಸನ್ನ ಯಾವ ಪೊಲೀಸ್ನೋನು ಹಿಡೀತಾನೆ?”

“ಕೂಸ್ನ ಹಿಡಿಯಲ್ಲ ಕಣಮ್ಮ. ತಾಯಿನ್ನ ಹಿಡೀತಾರೆ.”

ಖಾಜಾಬಿ ನಕ್ಕಳು. “ಸಿಲೋನ್ ಕಾನೂನು ನಿಂಗ್ಯಾರು ಹೇಳಿಕೊಟ್ರು?”

ಗೌರಕ್ಕ ಹೊಸಿಲ ಮೇಲೆ ಕೂತಳು. ಅವಳ ಗಂಡ ಬೋರಪ್ಪ ಸಿಲೋನಿನ ಟೀ ತೋಟಗಳಿಗೆ ಕಂಬಳಿ ಮಾರಲು ಹೋಗಿ ಜ್ವರದಿಂದ ಸತ್ತಿದ್ದ. ಬೀದಿಗೆ ಗೊತ್ತಿದ್ದದ್ದು ಅಷ್ಟೇ.

“ನಮ್ಮೆಜಮಾನ್ರು ಜ್ವರ ಬಂದು ಸತ್ತಿದ್ದು ದಿಟ. ಸತ್ತಿದ್ದು ಜೈಲ್ನಾಗೆ. ನಾಚಿಕೆಗೆ ಯಾರ್ಗೂ ಹೇಳ್ಲಿಲ್ಲ. ಕದ್ದೋರಲ್ಲ, ಕಡಿದೋರಲ್ಲ. ದಾರ ಕೊಯ್ಯೋ ಚೂರೀನ ಇಲ್ಲಿದ್ದಂಗೆ ಅಲ್ಲೂ ಸೊಂಟಕ್ಕೆ ಸಿಗಿಸ್ಕಂಡು ಸಂತೆಗೋದ್ರು. ಪೊಲೀಸ್ನೋರು ಹಿಡಿದ್ರು. ಅವ್ರ ಮಾತು ಇವ್ರಿಗೆ ತಿಳೀದು, ಇವ್ರ ಮಾತು ಅವ್ರಿಗೆ ತಿಳೀದು. ಜೊತೆಗೋಗಿದ್ದ ಚಿಕ್ಕಹನುಮಯ್ಯ ಕಾಲು ಹಿಡಿದ್ರೂ ಬುಡ್ಲಿಲ್ವಂತೆ. ಮಣ್ಣೂ ಅಲ್ಲೇ ಆಯ್ತು. ಮುಖ ನೋಡಕ್ಕೂ ಸಿಗ್ಲಿಲ್ಲ ಕಣಮ್ಮ ನಂಗೆ.”

ಶರ್ಫುನ್ನೀಸಾ ಅತ್ತೆಯ ಕಡೆ ತಿರುಗಿದಳು. “ಅಮ್ಮೀ, ನನ್ನ ಹಿಡ್ಕೊಂಡೋದ್ರೆ ಮಗು ಹಾಲಿಗೇನು ಮಾಡ್ತದೆ?”

ಅತ್ತೆ ಬಟ್ಟೆ ಬಿಚ್ಚಿ ಚೂರಿ ತೆಗೆದು ಗೂಡಿನಲ್ಲಿಟ್ಟಳು. “ಕಬ್ಬಿಣ ಬೇಕಲ್ಲ ಗೌರಕ್ಕ” ಎಂದು ಗೊಣಗಿದಳು.

“ಕಬ್ಬಿಣ ಅಂದ್ರೆ ಚೂರೀನೇ ಆಗ್ಬೇಕಾ? ಬೀಗದ ಕೈ ಕಟ್ಟು.”

ಖಾಜಾಬಿ ಟ್ರಂಕಿನ ಬೀಗದ ಕೈಯನ್ನು ಕೂಸಿನ ಬಟ್ಟೆಗೆ ಕಟ್ಟಿದಳು. ಆಮೇಲೆ ಗೌರಕ್ಕನ ಪಕ್ಕ ಕೂತು ಅವಳ ಕೈ ಹಿಡಿದುಕೊಂಡು ಅತ್ತಳು.

ಅಕ್ಕಂದಿರೇ, ಅಣ್ಣಂದಿರೇ, ನಮ್ಮೂರಲ್ಲಿ ಚೂರಿ ಎಂದರೆ ಅಡಿಕೆ ಕತ್ತರಿಸುವ, ದಾರ ಕೊಯ್ಯುವ ಸಾಮಾನು. ಗಡಿ ದಾಟಿದರೆ ಅದೇ ಆಯುಧವಾದೀತು. ಒಂದೊಂದು ದೇಶದ ಕಾನೂನು ಒಂದೊಂದು ಥರ. ನಮ್ಮ ಮನಸ್ಸಿನಲ್ಲಿ ಕೆಟ್ಟದ್ದಿರಲಿಲ್ಲ ಎಂದರೆ ನಡೆಯುವುದಿಲ್ಲ. ಹೊರಡುವ ಮುಂಚೆ ಸೊಂಟ, ಜೇಬು, ಗಂಟು ಎಲ್ಲ ತಡಕಿ ನೋಡಿ. ಕಸುಬಿಗೆ ಬೇಕೇ ಬೇಕೆಂದರೆ ಪಾಸ್‌ಪೋರ್ಟ್ ಮಾಡಿಸುವಾಗಲೇ ಆ ದೇಶದ ಕಾನೂನು ವಿಚಾರಿಸಿ. ಬೋರಪ್ಪನಿಗೆ ಯಾರೂ ಹೇಳಿರಲಿಲ್ಲ. ನಿಮಗೆ ಹೇಳಿದ್ದೇವೆ.