ಟ್ರೇ ಸದ್ದಿಗೆ ಬರುವ ಮೀನುಗಳು

ಹೊಸ ಬ್ರೆಡ್ಡು ಒಲೆಯಿಂದ ಇಳಿಯುವ ಮೊದಲು ನಿನ್ನೆಯದು ಅಂಗಡಿಯಿಂದ ಹೊರಗೆ ಹೋಗಬೇಕು. ಬೇಕರಿಯವನಿಗೆ ಅವನ ಅಪ್ಪ ಹಾಕಿಕೊಟ್ಟ ಕಟ್ಟಳೆ ಅದು. ಹಾಗಂತ ಒಲೆಯಲ್ಲಿ ಬೆಂದದ್ದು ತಿಪ್ಪೆಗೂ ಬೀಳಬಾರದು. ಅದೂ ಅಪ್ಪನದೇ ಮಾತು. ಎರಡನ್ನೂ ಪಾಲಿಸಲು ಮಗನಿಗೆ ಸಿಕ್ಕಿದ ದಾರಿ ಅಂಗಡಿಯ ಹಿಂದಿನ ಕೊಳ. ಮಾರಾಟವಾಗದ ಬನ್ನು, ಅಂಚು ಸೀದ ಕೇಕು, ಬಿಸ್ಕತ್ತಿನ ಪುಡಿ ಎಲ್ಲವನ್ನೂ ಹಳೆಯ ಟ್ರೇಗೆ ತುಂಬಿಕೊಂಡು, ಕೊಳಕ್ಕಿಳಿಯುವ ಹಿಂಬಾಗಿಲ ಮೆಟ್ಟಿಲಿಗೆ ಹೋಗಿ, ಇಕ್ಕಳದಿಂದ ಠಣ್ ಠಣ್ ಎಂದು ಬಡಿಯುತ್ತಿದ್ದ. ಮೀನುಗಳು ಒಂದನ್ನೊಂದು ತಳ್ಳಿಕೊಂಡು ಬರುತ್ತಿದ್ದವು. ದಿನದಲ್ಲಿ ಅವನಿಗೆ ಅತ್ಯಂತ ಖುಷಿ ಕೊಡುತ್ತಿದ್ದ ಹೊತ್ತು ಅದೇ.

ಮೀನು ಸಾಕುತ್ತಿದ್ದವಳು ಅವನ ಅಕ್ಕ. ಭಾವ ತೀರಿಕೊಂಡ ಮೇಲೆ ಆ ಕೊಳವನ್ನೇ ನಂಬಿ ಇಬ್ಬರು ಹೆಣ್ಣುಮಕ್ಕಳನ್ನು ಓದಿಸುತ್ತಿದ್ದಳು. ತೌಡು, ಹಿಂಡಿ ಬೆರೆಸಿ, ಡಬ್ಬಿಯ ಬಾಯಿಮಟ್ಟಕ್ಕೆ ಸವರಿ ಅಳೆದು ಹಾಕುತ್ತಿದ್ದಳು. "ಬ್ರೆಡ್ಡು ಗಿಡ್ಡು ಹಾಕಬೇಡ ಕಣೋ, ಅವಕ್ಕೆ ಒಗ್ಗಲ್ಲ" ಎಂದು ಒಮ್ಮೆ ಹೇಳಿದ್ದಳು. "ಆಯ್ತಕ್ಕ" ಎಂದಿದ್ದ. ಮರುದಿನದಿಂದ ಅವಳು ಬರುವ ಮೊದಲೇ ಟ್ರೇ ಬಡಿಯತೊಡಗಿದ, ಅಷ್ಟೇ. ಮೊಮ್ಮಕ್ಕಳಿಗೆ ಕದ್ದು ಸಕ್ಕರೆ ಕೊಡುವ ಅಜ್ಜಿಯರಿಲ್ಲವೇ? ತನ್ನದೂ ಅಂಥದೇ ಅಕ್ಕರೆ ಎಂದುಕೊಂಡ. ಆಮೇಲೊಮ್ಮೆ ಬೀದಿಯ ಮೋರಿ ಕಟ್ಟಿಕೊಂಡಿತು. ಪಾತ್ರೆ ತೊಳೆದ ಸೋಪು, ಜಿಡ್ಡಿನ ನೀರಿನ ಪೈಪನ್ನು ಸದ್ಯಕ್ಕೆಂದು ಕೊಳದತ್ತ ತಿರುಗಿಸಿದ. ಮೋರಿ ರಿಪೇರಿಯಾಯಿತು; ಪೈಪು ಮಾತ್ರ ಅಲ್ಲೇ ಉಳಿಯಿತು.

ಒಂದು ಬೆಳಿಗ್ಗೆ ಅಕ್ಕನ ಕೂಗು ಕೇಳಿ ಓಡಿದ. ಅವಳು ಮೊಳಕಾಲುದ್ದ ನೀರಿನಲ್ಲಿ ನಿಂತಿದ್ದಳು. ಸುತ್ತಲೂ ಮೀನುಗಳು ಹೊಟ್ಟೆ ಮೇಲಾಗಿ ತೇಲುತ್ತಿದ್ದವು.

"ಏನಾಯ್ತೋ ಇದು? ನಿನ್ನೆ ಚೆನ್ನಾಗೇ ಇದ್ವಲ್ಲೋ!"

"ಆಚೆ ದಡದಲ್ಲಿ ಲಾಂಡ್ರಿ ಇದೆಯಲ್ಲಕ್ಕ. ದಿನಾ ಎಷ್ಟು ಸೋಪು ಸುರೀತಾರೋ ಏನೋ" ಎಂದ. ಯಾಕೆ ಹಾಗೆಂದೆ ಎಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು.

ಅಕ್ಕ ಒದ್ದೆ ಸೀರೆಯಲ್ಲೇ ಲಾಂಡ್ರಿಗೆ ನುಗ್ಗಿದಳು. ಲಾಂಡ್ರಿಯಾಕೆ ಇಸ್ತ್ರಿಪೆಟ್ಟಿಗೆ ಕೆಳಗಿಟ್ಟು ಹೊರಬಂದಳು. "ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ ಹಾಗಾಯ್ತಲ್ಲಮ್ಮ. ನನ್ನ ನೀರು ಒಂದು ಹನೀನೂ ಕೊಳಕ್ಕೆ ಬರಲ್ಲ. ಗುಂಡಿ ತೋಡಿಸಿದ್ದೀನಿ, ಬಂದು ನೋಡು."

"ನೋಡೋದೇನು? ನಿನ್ನ ಅಂಗಡಿಗೆ ಬೀಗ ಹಾಕಿಸದೆ ಬಿಡಲ್ಲ!"

"ನಿನಗೆ ಮಕ್ಕಳಿದ್ದ ಹಾಗೆ ನನಗೂ ಇದ್ದಾರೆ ತಾಯಿ" ಎಂದಳು ಲಾಂಡ್ರಿಯಾಕೆ. ಬೇಕರಿಯವನು ಅಕ್ಕನ ಬೆನ್ನ ಹಿಂದೆ ನಿಂತು ನೆಲ ನೋಡುತ್ತಿದ್ದ. ಒಂದು ಮಾತು ಆಡಿದ್ದರೆ ಜಗಳ ಅಲ್ಲಿಗೇ ನಿಲ್ಲುತ್ತಿತ್ತು. ಆಡಲಿಲ್ಲ.

ಮಧ್ಯಾಹ್ನ ಮೀನಿನ ಡಾಕ್ಟರಮ್ಮ ಬಂದು ಸತ್ತ ಮೀನೊಂದನ್ನು ಕೊಯ್ದು ನೋಡಿದಳು. ಕೆಂಪಗಿರಬೇಕಾದ ಪಿತ್ತಜನಕಾಂಗ ಬೆಣ್ಣೆಯಂತೆ ಬಿಳಿಚಿಕೊಂಡಿತ್ತು. ಕಿವಿರಿನ ಮೇಲೆ ಲೋಳೆ ಕೂತಿತ್ತು.

"ಏನು ತಿನ್ನಿಸ್ತೀರಮ್ಮ?"

"ತೌಡು, ಹಿಂಡಿ. ಅದೂ ಅಳತೆಯಲ್ಲಿ."

"ಇದು ಅದರಿಂದ ಆದದ್ದಲ್ಲ. ಯಾರೋ ಜಿಡ್ಡಿನ ತಿಂಡಿ ಹಾಕ್ತಾ ಬಂದಿದ್ದಾರೆ. ಮೀನಿಗೆ ಅದು ಅರಗಲ್ಲ, ಕೊಬ್ಬಾಗಿ ಒಳಗೇ ಕೂರುತ್ತೆ. ತಿಂದು ಉಳಿದದ್ದು ತಳದಲ್ಲಿ ಕೊಳೀತಿದೆ, ನೀರಲ್ಲಿ ಉಸಿರಾಡೋಕೆ ಗಾಳೀನೇ ಇಲ್ಲ. ಮೇಲಿಂದ ಈ ಸೋಪಿನ ಜಿಡ್ಡು ಬೇರೆ."

"ನಮ್ಮವರು ಯಾರೂ ಹಾಕಲ್ಲ ಡಾಕ್ಟರಮ್ಮ. ನನ್ನ ತಮ್ಮ ಇಲ್ಲೇ ಇರ್ತಾನೆ, ಕೊಳ ಕಾಯೋನೇ ಅವನು. ಅಲ್ವೇನೋ?"

ಕುಂಬಳಕಾಯಿ ಕಳ್ಳನಂತೆ ಅವನು ಮೊಣಕೈಗೆ ಅಂಟಿದ್ದ ಮೈದಾಹಿಟ್ಟನ್ನು ಒರೆಸಿಕೊಂಡ. ಹೌದೆಂದು ತಲೆಯಾಡಿಸಿದ. ತನ್ನ ಬಗ್ಗೆ ತನಗೇ ಅಸಹ್ಯವಾಯಿತು.

"ಬದುಕಿರೋದನ್ನ ಸಂಜೆಯೊಳಗೆ ತೊಟ್ಟಿಗೆ ಹಾಕಿ. ತಡ ಮಾಡಿದ್ರೆ ಒಂದೂ ಉಳಿಯಲ್ಲ" ಎಂದು ಹೇಳಿ ಡಾಕ್ಟರಮ್ಮ ಹೋದಳು.

ತೊಟ್ಟಿಗೆ ಹೊಸ ನೀರು ತುಂಬಿಸಿ ಅಕ್ಕ ಬಲೆ ಬೀಸಿದಳು. ಉಳಿದ ಮೀನುಗಳು ಕೊಳದ ನಡುವಿನ ಬಂಡೆಗಳ ಸಂದಿಗೆ ಸೇರಿಕೊಂಡಿದ್ದವು. ಬೀಸಿದಷ್ಟು ಸಲವೂ ಬಲೆ ಕಲ್ಲಿಗೆ ಸಿಕ್ಕಿ ಹರಿಯಿತು. ಬೈಸಿಕೊಂಡಿದ್ದ ಲಾಂಡ್ರಿಯಾಕೆಯೇ ಬಂದು ಬಲೆಯ ಇನ್ನೊಂದು ತುದಿ ಹಿಡಿದಳು. ಆದರೂ ಬಲೆ ಖಾಲಿಯೇ ಬಂತು. ಬಿಸಿಲು ಇಳಿಯುತ್ತಿತ್ತು. ಅಕ್ಕ ದಡದಲ್ಲಿ ಕುಸಿದು ಕೂತಳು. "ಮುಗೀತು ಕಣೋ. ಮಕ್ಕಳಿಗೆ ಏನಂತ ಹೇಳಲಿ?"

ಅವುಗಳನ್ನು ಹೊರಗೆ ಕರೆಯುವ ಉಪಾಯ ಆ ಮೂವರಲ್ಲಿ ಒಬ್ಬನಿಗೆ ಗೊತ್ತಿತ್ತು. ಕರೆದರೆ ಎಲ್ಲವೂ ಗೊತ್ತಾಗಿಬಿಡುತ್ತದೆ. ಬೇಕರಿಯವನು ಅಂಗಡಿಯೊಳಗೆ ಹೋದ. ಹಳೆಯ ಟ್ರೇ ಗೋಡೆಗೆ ಒರಗಿತ್ತು. ಅದನ್ನೂ ಇಕ್ಕಳವನ್ನೂ ಎತ್ತಿಕೊಂಡು ಮೆಟ್ಟಿಲಿಗೆ ಬಂದ.

ಠಣ್. ಠಣ್. ಠಣ್.

ನೀರು ಅಲುಗಿತು. ಬಂಡೆಯ ಸಂದಿಯಿಂದ ಒಂದು ಮೀನು ಬಂತು, ಅದರ ಹಿಂದೆ ಇನ್ನಷ್ಟು ಬಂದವು. ಕೆಲವು ವಾಲಿಕೊಂಡು, ಏದುಸಿರು ಬಿಡುತ್ತ, ಆದರೂ ಬಂದವು. ಅವನ ಕಾಲ ಬುಡದಲ್ಲಿ ಸೇರಿ ಬಾಯಿ ತೆರೆದವು.

ಅಕ್ಕ ಮೀನುಗಳನ್ನು ನೋಡಿದಳು, ಟ್ರೇಯನ್ನು ನೋಡಿದಳು, ಆಮೇಲೆ ಮೆಟ್ಟಿಲ ಕೆಳಗೆ ತೊಟ್ಟಿಕ್ಕುತ್ತಿದ್ದ ಪೈಪನ್ನು. ಅವನ ಕೈ ನಿಂತಿತು.

"ಅಕ್ಕ, ನಾನೇ..."

"ಬಡಿ" ಎಂದಳು ಅಕ್ಕ. ಬಲೆ ಎತ್ತಿಕೊಂಡು ಎದ್ದಳು. "ನಿಲ್ಲಿಸಬೇಡ."

ಅವನು ಬಡಿಯುತ್ತಲೇ ಇದ್ದ. ಹೆಂಗಸರಿಬ್ಬರೂ ಬಲೆಯನ್ನು ಮೆಲ್ಲಗೆ ಹತ್ತಿರಕ್ಕೆ ತಂದರು. ಲಾಂಡ್ರಿಯಾಕೆ ತನ್ನೆದುರು ಬಂದಾಗ, "ನಿಮ್ಮ ಮೇಲೆ ಸುಳ್ಳು ಹೇಳಿದ್ದೂ ನಾನೇ" ಎಂದ. ಅವಳು ತಲೆಯೆತ್ತಲಿಲ್ಲ. "ಮೊದಲು ಇವು ಬದುಕಲಿ" ಎಂದಳು. ಕೆಳಗೆ ಮೀನುಗಳು ಖಾಲಿ ಟ್ರೇಯತ್ತ ಬಾಯಿ ತೆರೆದುಕೊಂಡು ಕಾಯುತ್ತಿದ್ದವು.