ಏಳದೆ ಕೂರುವುದು

ಗಂಡನ ಅಂತ್ಯಕ್ರಿಯೆಗೆ ಬಂದಿದ್ದ ನೆಂಟರೆಲ್ಲ ಹೊರಟುಹೋಗಿ, ಮನೆಯಲ್ಲಿ ನಾನೊಬ್ಬಳೇ ಉಳಿದ ಮೊದಲ ಬೆಳಗ್ಗೆ. ಹಾಲು ಒಲೆಯ ಮೇಲಿಟ್ಟು ಬಾಲ್ಕನಿಗೆ ಹೋದೆ. ಅಲ್ಲಿಂದ ಕೋಣೆಗೆ, ಕೋಣೆಯಿಂದ ಹಜಾರಕ್ಕೆ. ಹಾಲು ಉಕ್ಕಿ ಚೆಲ್ಲಿತ್ತು. ಒರೆಸಲು ಬಟ್ಟೆ ಹುಡುಕುತ್ತಿದ್ದಾಗ ಕರೆಗಂಟೆ ಸದ್ದಾಯಿತು.

ಬಾಗಿಲಲ್ಲಿ ನಮ್ಮ ಕಟ್ಟಡದ ವಾಚ್‌ಮನ್‌ನ ಮಗಳು, ಎದೆಗೆ ಪುಸ್ತಕ ಅವುಚಿಕೊಂಡು.

“ಅಕ್ಕಾ, ಕೆಳಗಿನ ಮೀಟಿಂಗ್ ರೂಮಿನ ಕೀ ಅಣ್ಣನ ಹತ್ರ ಇತ್ತು. ಅಪ್ಪ ಕೇಳ್ಬೇಡ ಅಂದ್ರು. ಆದ್ರೆ ಭಾನುವಾರ ಪರೀಕ್ಷೆ.”

ಪರೀಕ್ಷೆಯ ವಿಷಯ ನನಗೆ ಗೊತ್ತಿತ್ತು. ಅದರಲ್ಲಿ ಪಾಸಾದವರಿಗೆ ದೊಡ್ಡ ಶಾಲೆಯಲ್ಲಿ ಹತ್ತನೆಯ ತರಗತಿಯವರೆಗೆ ಫೀಸಿಲ್ಲ. ಅದಕ್ಕಾಗಿ ನನ್ನ ಗಂಡ, ಇವಳ ‘ಅಣ್ಣ’, ಇವಳಿಗೆ ಪಾಠ ಹೇಳುತ್ತಿದ್ದರು. ಕೀ ಎರವಲು ತಂದದ್ದು ಮಾತ್ರ ಗೊತ್ತಿರಲಿಲ್ಲ. ಬಾಗಿಲ ಹಿಂದೆ ನೇತಾಡುತ್ತಿದ್ದ ಅವರ ಪ್ಯಾಂಟಿನ ಜೇಬಿಗೆ ಕೈ ಹಾಕಿದೆ. ಸಿಕ್ಕಿತು.

ಕೆಳಗೆ ಉದ್ದನೆಯ ಮೇಜಿನ ತುದಿಯಲ್ಲಿ ಕೂತು ಲೆಕ್ಕ ಶುರುಮಾಡಿದಳು. ಕೈ ಚುರುಕು. ಆದರೆ ನಡುವೆಯೇ ಪೆನ್ಸಿಲ್ ಇಟ್ಟು, ಎದ್ದು, ಗೋಡೆಯವರೆಗೆ ಹೋಗಿ ಬಂದು ಕೂತಳು. ಸ್ವಲ್ಪ ಹೊತ್ತಿಗೆ ಮತ್ತೆ.

“ಯಾಕೆ ಏಳ್ತೀಯಾ?”

“ಮೆಟ್ಟಿಲ ಲೈಟು ಹೋಗುತ್ತಲ್ಲಕ್ಕಾ.”

ಅವರ ಮನೆ ಮೆಟ್ಟಿಲ ಕೆಳಗಿನ ಒಂದೇ ಕೋಣೆ. ರಾತ್ರಿಯೆಲ್ಲ ಕಾವಲಿದ್ದ ಅಪ್ಪ ಬೆಳಗ್ಗೆ ಮಲಗಿರುತ್ತಾರೆ, ದೀಪ ಹಾಕುವಂತಿಲ್ಲ. ಇವಳ ಓದು ಬರಹವೆಲ್ಲ ಮೆಟ್ಟಿಲ ಮೇಲೆ. ಅಲ್ಲಿಯ ದೀಪ ಗುಂಡಿ ಒತ್ತಿದರೆ ಹತ್ತುತ್ತದೆ, ಸ್ವಲ್ಪದರಲ್ಲೇ ತಾನಾಗಿ ಆರುತ್ತದೆ. ಹತ್ತಿ ಇಳಿಯುವವರಿಗೆ ಅಷ್ಟು ಸಾಕು. ಓದುವ ಇವಳು ಎದ್ದೆದ್ದು ಗುಂಡಿ ಒತ್ತಬೇಕು.

“ಇಲ್ಲಿಯದು ಹೋಗಲ್ಲ ಕಣೇ.”

“ಗೊತ್ತು. ಕಾಲಿಗೆ ಗೊತ್ತಾಗಲ್ಲ. ಗೋಂದು ಹಾಕಿ ಕುರ್ಚಿಗೆ ಅಂಟಿಸಿಬಿಡ್ತೀನಿ ಅಂತಿದ್ರು ಅಣ್ಣ.” ನಕ್ಕಳು. ನನ್ನ ಮುಖ ನೋಡಿ ನಿಲ್ಲಿಸಿದಳು. “ಶಾಲೇಲಿ ಮಿಸ್ಸು ಪೇಪರ್ ಕಿತ್ಕೊಂಡ್ರು. ಕಾಪಿ ಹೊಡೆಯೋಕೆ ಏಳ್ತೀಯಾ, ಕೋತಿ ಅಂತ.”

“ಭಾನುವಾರವೂ ಎದ್ದರೆ?”

“ಹೊರಗೆ ಕಳಿಸಿಬಿಡ್ತಾರೆ.”

ಅಷ್ಟರಲ್ಲಿ ಕಟ್ಟಡದ ಸಂಘದ ಕಾರ್ಯದರ್ಶಿ ಬಾಗಿಲಲ್ಲಿ ನಿಂತರು.

“ಬೇಜಾರು ಮಾಡ್ಕೋಬೇಡಮ್ಮ. ಕೀ ಅವರು ಸ್ವಲ್ಪ ದಿನಕ್ಕೆ ಅಂತ ಇಸ್ಕೊಂಡಿದ್ರು. ಇವತ್ತು ಸಂಜೆಯಿಂದ ನಮ್ಮ ಮಕ್ಕಳಿಗೆ ಮೇಷ್ಟ್ರು ಬರ್ತಾರೆ, ಇದೇ ಪರೀಕ್ಷೆಗೆ.”

“ಇವಳೂ ಒಂದು ಮೂಲೇಲಿ ಕೂರಲಿ, ಸಾರ್.”

“ಕೂರೋ ಮಗು ಆದ್ರೆ ನಂದೇನು ಅಡ್ಡಿಯಿಲ್ಲ. ಇವಳು ಎದ್ದೆದ್ದು ಓಡಾಡಿದ್ರೆ ಉಳಿದವರ ಗಮನ ಹೋಗಲ್ವಾ? ಆಮೇಲೆ ಎಲ್ಲಾ ಅಪ್ಪ ಅಮ್ಮಂದಿರೂ ನನ್ನ ತಲೆ ತಿಂತಾರೆ.”

ಒರಟು ಮನುಷ್ಯರಲ್ಲ. ಅಂತ್ಯಕ್ರಿಯೆಗೆ ವಾಹನ ಗೊತ್ತುಮಾಡಿದ್ದು ಅವರೇ.

ಹುಡುಗಿ ಪುಸ್ತಕ ಜೋಡಿಸಿಕೊಂಡು ಮೆಟ್ಟಿಲ ಕಡೆಗೆ ತಿರುಗಿದಳು. “ಅಲ್ಲಿ ಬೇಡ, ಮನೆಗೆ ಬಾ” ಎಂದೆ.

ನಮ್ಮ ಮನೆಯಲ್ಲಿ ಓದುವ ಮೇಜು ಒಂದೇ, ಎದುರು ಬದುರು ಎರಡು ಕುರ್ಚಿ. ಆಸ್ಪತ್ರೆಯಿಂದ ಬಂದ ಮೇಲೆ ನಾನು ಆ ಕಡೆ ಸುಳಿದಿರಲಿಲ್ಲ. ಅವರ ಕನ್ನಡಕ, ಮಾತ್ರೆಗಳನ್ನು ತೆಗೆದು ಅವಳನ್ನು ಅವರ ಕುರ್ಚಿಯಲ್ಲಿ ಕೂರಿಸಿದೆ. ನೀರು ತರಲೆಂದು ಎದ್ದೆ, ಅವಳೂ ಎದ್ದಳು. ಕೂತೆ, ಕೂತಳು. ಕಿಟಕಿ ಹಾಕಲು ಎದ್ದೆ. ಮತ್ತೆ ಎದ್ದಳು.

“ಅಕ್ಕಾ, ನಿಮಗೂ ಗೋಂದು ಬೇಕು.”

ಕುರ್ಚಿಯ ಅಂಚು ಹಿಡಿದು ಕೂತೆ. ಕಾಲು ಅಡುಗೆಮನೆಗೆ ಎಳೆಯಿತು, ಬಾಲ್ಕನಿಗೆ ಎಳೆಯಿತು. ಬಿಡಲಿಲ್ಲ. ಎದುರಿಗೆ ಅವಳ ಮೊಣಕಾಲು ಮೇಜಿಗೆ ಬಡಿಯುತ್ತಿತ್ತು. ಆದರೂ ಪೆನ್ಸಿಲ್ ಓಡುತ್ತಿತ್ತು. ಪುಟ ತುಂಬಿತು.

“ಇನ್ನೊಂದು ಪುಟ. ಈಗ ನಾನು ಹೊರಗೆ ಹೋಗ್ತೀನಿ. ನಾನು ಎದ್ದರೂ ನೀನು ಏಳಬಾರದು.”

“ನೋಡೋಣ” ಎಂದಳು, ತಲೆ ಎತ್ತದೆ.

ಕಾರ್ಯದರ್ಶಿ ಷರಟಿನ ಗುಂಡಿ ಹಾಕಿಕೊಳ್ಳುತ್ತಾ ತಮ್ಮ ಮನೆಯ ಬಾಗಿಲು ತೆರೆದರು. “ಅಯ್ಯೋ, ಕೀ ಸಂಜೆ ಕೊಟ್ಟಿದ್ರೂ ಆಗ್ತಿತ್ತಲ್ಲಮ್ಮ. ಬಾ, ಕೂತ್ಕೋ.”

“ಇಲ್ಲ ಸಾರ್, ಮೇಲೆ ಅವಳು ಒಬ್ಬಳೇ ಕೂತಿದ್ದಾಳೆ.”

“ಕೂತಿದ್ದಾಳಾ?”

ಕೀ ಅವರ ಅಂಗೈಯಲ್ಲಿಟ್ಟೆ.